ನುಡಿ ಹುಡುಕಲು ಹೋಗಿ ವೈರಸ್ ತಂದೆ. ಫಾರ್ಮ್ಯಾಟ್ ಮಾಡಲೇಬೇಕಾ?

ಗುಮ್ಮಟದ ನೆರಳು (ವಿಜಯಪುರ)
ಎಲ್ಲರಿಗೂ ನಮಸ್ಕಾರ್ರೀ. ಮೊದಲೇ ಹೇಳಿಬಿಡುತ್ತೇನೆ, ಬೈಬೇಡಿ. ಬೈಯುವ ಕೆಲಸ ಮನೆಯಲ್ಲಿ ಆಗಲೇ ಮುಗಿದಿದೆ.

ನಮ್ಮ ಮನೆಯವಳು ಹೈಸ್ಕೂಲ್ ಟೀಚರ್. ಹಳೇ ಪ್ರಶ್ನೆಪತ್ರಿಕೆ ಫೈಲ್ ಒಂದನ್ನು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚುರುಮುರಿ. ನುಡಿ, ಅಂದರೆ ಆ ಕನ್ನಡ ಟೈಪಿಂಗ್ ಸಾಫ್ಟ್‌ವೇರ್, ಬೇಕು ಅಂದಳು. ನಾನು ಗೂಗಲ್‌ನಲ್ಲಿ ಹುಡುಕಿದೆ, ಮೇಲೆ ಬಂದ ಮೊದಲನೇ ಸೈಟಿಗೆ ಹೋದೆ. ಅಲ್ಲಿ ದೊಡ್ಡದೊಂದು ಹಸಿರು ಡೌನ್‌ಲೋಡ್ ಬಟನ್ ಇತ್ತು, ಒತ್ತಿದೆ. ಬಂದದ್ದು ನುಡಿ ಅಲ್ಲ, ಎಂಥದೋ ಡೌನ್‌ಲೋಡ್ ಮ್ಯಾನೇಜರ್. ಅದು ನುಡಿಯನ್ನು ತರುತ್ತದೆ ಅಂದುಕೊಂಡು ನೆಕ್ಸ್ಟ್, ನೆಕ್ಸ್ಟ್, ಫಿನಿಶ್.

ಅವತ್ತಿನಿಂದ ಶುರು. ಬ್ರೌಸರ್ ತೆರೆದರೆ ಬೇರೆಯೇ ಯಾವುದೋ ಹುಡುಕೋ ಪುಟ ಬರುತ್ತದೆ. ಬಲಗಡೆ ಕೆಳಗೆ ಐದು ನಿಮಿಷಕ್ಕೊಮ್ಮೆ 'ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ' ಅಂತ ಕೆಂಪು ಡಬ್ಬಿ. ಏನೂ ಮಾಡದಿದ್ದರೂ ಫ್ಯಾನ್ ಗಿರಣಿ ಹಾಗೆ ಶಬ್ದ ಮಾಡುತ್ತದೆ. ನಿನ್ನೆ ಮನೆಯವಳ ಇನ್‌ಸ್ಟಾಗ್ರಾಂನಿಂದ ಕ್ರಿಪ್ಟೋ ದುಡ್ಡಿನ ಪೋಸ್ಟ್ ಹೋಗಿದೆ! ಅವಳ ಹೆಡ್‌ಮಾಸ್ಟರು ಫೋನ್ ಮಾಡಿ 'ಟೀಚರ್, ಇದರಲ್ಲಿ ನಿಜವಾಗಿ ಲಾಭ ಇದೆಯಾ' ಅಂತ ಕೇಳಿದರಂತೆ.

ಲ್ಯಾಪ್‌ಟಾಪ್ 2019ರದ್ದು, ವಿಂಡೋಸ್ 10. ಯಾವ ಆಂಟಿವೈರಸ್ ಕೊಳ್ಳಲಿ? ಫಾರ್ಮ್ಯಾಟ್ ಮಾಡಲೇಬೇಕಾ? ಮಗಳ ಫೋಟೋ ಎಲ್ಲ ಅದರಲ್ಲೇ ಇವೆ.

ರೊಟ್ಟಿ ಚಟ್ನಿ
ಹೆಡ್‌ಮಾಸ್ಟರ್ ದುಡ್ಡು ಹಾಕಿದರಾ ಇಲ್ವಾ, ಅದನ್ನು ಮೊದಲು ಹೇಳಿ.

ಲಿನಕ್ಸ್ ಭಕ್ತ
ವಿಂಡೋಸ್ ಕಿತ್ತು ಉಬುಂಟು ಹಾಕಿ. ಮುಗೀತು.

ನವನಗರದವ (ಬಾಗಲಕೋಟೆ)
ಬಂದರು ನೋಡಿ. ಹಲ್ಲು ನೋವು ಅಂದರೂ ಇವರದ್ದು ಉಬುಂಟು ಹಾಕಿ.

ಜೆರಾಕ್ಸ್ ಮಾಮಾ (ಜಮಖಂಡಿ)
ಫಾರ್ಮ್ಯಾಟ್ ಎಲ್ಲ ಯಾಕ್ರೀ? ನಮ್ಮ ಅಂಗಡಿಗೆ ದಿನಾ ಐವತ್ತು ಪೆನ್‌ಡ್ರೈವ್ ಬರುತ್ತವೆ, ಅದರಲ್ಲಿ ಹತ್ತಕ್ಕೆ ವೈರಸ್ ಇರುತ್ತದೆ. ದುಡ್ಡು ಕೊಟ್ಟು ಒಳ್ಳೇ ಆಂಟಿವೈರಸ್ ಹಾಕಿ, ಫುಲ್ ಸ್ಕ್ಯಾನ್ ಬಿಟ್ಟು ಮಲಗಿ. ಬೆಳಿಗ್ಗೆ ಎದ್ದರೆ ಕ್ಲೀನ್. ಆ ಹುಡುಕೋ ಪುಟ ಅಂದರೆ ಬ್ರೌಸರ್ ಎಕ್ಸ್‌ಟೆನ್ಷನ್ ಅಷ್ಟೇ, ತೆಗೆದುಹಾಕಿ.

ಕುಂದಾ ಪ್ರೇಮಿ (ಬೆಳಗಾವಿ)
ಮಾಮಾ, ಬರೀ ಹುಡುಕೋ ಪುಟ ಬದಲಾಗಿದ್ದರೆ ನೀವು ಹೇಳಿದ್ದು ಸರಿ. ಇಲ್ಲಿ ಇನ್‌ಸ್ಟಾಗ್ರಾಂ ಹೋಗಿದೆ. ಅಂದರೆ ಒಳಗೆ ಬಂದದ್ದು ಬರೀ ಜಾಹೀರಾತು ತೋರಿಸುವ ಪ್ರಾಣಿ ಅಲ್ಲ, ಕದಿಯುವ ಪ್ರಾಣಿ.

ನಾನು ಇದೇ ಕೆಲಸದಲ್ಲಿ ಇದ್ದೇನೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈಗ ಬರುವ ಸ್ಪೈವೇರ್‌ಗಳಲ್ಲಿ ಜಾಸ್ತಿ ಇರುವುದು 'ಸ್ಟೀಲರ್' ಜಾತಿ. ರೆಡ್‌ಲೈನ್, ಲುಮ್ಮಾ ಅಂತ ಹೆಸರುಗಳು. ಲುಮ್ಮಾ ಜಾಲವನ್ನು 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಬೇರೆ ಬೇರೆ ದೇಶದ ಪೊಲೀಸರು ಸೇರಿ ಕೆಡವಿದರು. ಆದರೂ ಆ ಜಾತಿ ಇನ್ನೂ ಮುಗಿದಿಲ್ಲ. ಇವು ತಿಂಗಳುಗಟ್ಟಲೆ ಕೂತು ಕಾಯುವುದಿಲ್ಲ. ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್, ಕುಕೀ, ಕಾರ್ಡ್ ವಿವರ ಎಲ್ಲ ಬಾಚಿಕೊಂಡು ಕಳಿಸಿಬಿಡುತ್ತವೆ. ಕೆಲವಂತೂ ನಂತರ ತಾವೇ ಅಳಿಸಿಕೊಂಡು ಹೋಗುತ್ತವೆ. ಆಮೇಲೆ ಸ್ಕ್ಯಾನ್ ಮಾಡಿದರೆ ಏನೂ ಸಿಗುವುದಿಲ್ಲ, 'ಕ್ಲೀನ್ ಇದೆ' ಅಂತ ನಾವು ಖುಷಿಯಾಗಿ ಕೂತಿರುತ್ತೇವೆ.

ಕುಕೀ ಅಂದರೆ ಪ್ರದರ್ಶನದಲ್ಲಿ ಟಿಕೆಟ್ ನೋಡಿ ಕೈಗೆ ಹಾಕುವ ಮುದ್ರೆ ಇದ್ದ ಹಾಗೆ. ಮುದ್ರೆ ಇದ್ದವನನ್ನು ಗೇಟಿನವನು ಮತ್ತೆ ಟಿಕೆಟ್ ಕೇಳುವುದಿಲ್ಲ. ಕಳ್ಳನ ಹತ್ತಿರ ನಿಮ್ಮ ಮುದ್ರೆಯ ನಕಲು ಇದ್ದರೆ ಅವನಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಅದಕ್ಕೇ ಪಾಸ್‌ವರ್ಡ್ ಬದಲಾಯಿಸಿದರೆ ಮಾತ್ರ ಸಾಲದು. 'ಎಲ್ಲ ಸಾಧನಗಳಿಂದ ಲಾಗ್ ಔಟ್' ಅನ್ನುವುದನ್ನೂ ಒತ್ತಬೇಕು.

ಗುಮ್ಮಟದ ನೆರಳು ಅವರೇ, ಈಗಲೇ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಆಮೇಲೆ ಫೋನಿನಿಂದ, ಹ್ಞಾಂ ಫೋನಿನಿಂದಲೇ, ಮೊದಲು ಈಮೇಲ್ ಪಾಸ್‌ವರ್ಡ್ ಬದಲಾಯಿಸಿ. ಈಮೇಲ್ ಹೋದರೆ ಉಳಿದ ಎಲ್ಲ ಖಾತೆಯ ಬೀಗದ ಕೈ ಹೋದ ಹಾಗೆ. ನಂತರ ಬ್ಯಾಂಕು, ನಂತರ ಇನ್‌ಸ್ಟಾಗ್ರಾಂ. ಆ ಲ್ಯಾಪ್‌ಟಾಪಿನಲ್ಲೇ ಕೂತು ಹೊಸ ಪಾಸ್‌ವರ್ಡ್ ಹಾಕಬೇಡಿ. ಕಳ್ಳನ ಮುಂದೆ ನಿಂತು ಹೊಸ ಬೀಗ ಹಾಕಿದ ಹಾಗಾಗುತ್ತದೆ.

ಗುಮ್ಮಟದ ನೆರಳು
ಅಯ್ಯಪ್ಪಾ. ನಾನು ನಿನ್ನೆ ಅದರಲ್ಲೇ ಕೂತು ಮೂರು ಪಾಸ್‌ವರ್ಡ್ ಬದಲಾಯಿಸಿದೆ. ಈಗ ಫೋನಿನಿಂದ ಮತ್ತೆ ಮಾಡುತ್ತೇನೆ.

ಹಳೇ ಮಾಸ್ತರ (ಮುಧೋಳ)
ವಿಜಯಪುರದವರಿಗೆ ಸ್ಪೈವೇರ್ ವಿವರಿಸುವುದು ಸುಲಭ. ಗೋಳಗುಮ್ಮಟದಲ್ಲಿ ಈ ಕಡೆ ಗೋಡೆಗೆ ಪಿಸುಗುಟ್ಟಿದ್ದು ಆ ಕಡೆ ನಿಂತವನಿಗೆ ಕೇಳಿಸುತ್ತದಲ್ಲ, ಅದೇ.

ರೊಟ್ಟಿ ಚಟ್ನಿ
ಸರ್, ವಿಜಯಪುರ ಅಂದರೆ ಗುಮ್ಮಟ ಬಿಟ್ಟು ಬೇರೆ ಉದಾಹರಣೆನೇ ಸಿಗಲ್ವಾ? ಪಾಪ, ದ್ರಾಕ್ಷಿ ಬೆಳೆಯುವವರೂ ಇದ್ದಾರೆ.

ಕರದಂಟು ಅಕ್ಕ (ಅಮೀನಗಡ)
ಎಲ್ಲರೂ ಫೋಟೋ ಬಗ್ಗೆ ಮರೆತಿರಿ. ಅವರು ಕೇಳಿದ್ದೇ ಅದು.

ನಮ್ಮ ಮನೆಯ ಕಥೆ ಹೇಳುತ್ತೇನೆ. ಯಜಮಾನರಿಗೆ ಇಳಕಲ್ ಸೀರೆ ವ್ಯಾಪಾರ, ಲೆಕ್ಕ ಎಲ್ಲ ಮನೆ ಕಂಪ್ಯೂಟರಿನಲ್ಲಿ. ಒಂದಿನ 'ಪರ್ಚೇಸ್ ಆರ್ಡರ್' ಅಂತ ಮೇಲ್ ಬಂತು. ಪಿಡಿಎಫ್ ಚಿತ್ರ ಕಂಡಿತು, ತೆರೆದರು. ಪಿಡಿಎಫ್ ಅಲ್ಲ ಅದು. ಹೆಸರಿನ ಕೊನೆಗೆ ಡಾಟ್ ಎಕ್ಸಿ, ಅಂದರೆ ಪ್ರೋಗ್ರಾಮಿನ ಬಾಲ, ಇತ್ತು, ವಿಂಡೋಸ್ ಆ ಬಾಲವನ್ನು ಅಡಗಿಸಿ ಇಟ್ಟಿರುತ್ತದೆ ಅಂತ ನಮಗೆ ಆಮೇಲೆ ಗೊತ್ತಾಯಿತು. ಅರ್ಧ ಗಂಟೆಯಲ್ಲಿ ನಾಲ್ಕು ವರ್ಷದ ಲೆಕ್ಕ ಲಾಕ್. ದುಡ್ಡು ಕೇಳಿ ಒಂದು ಚೀಟಿ ಫೈಲ್ ಬೇರೆ.

ಬ್ಯಾಕಪ್ ಇಟ್ಟಿದ್ದೆವು ರೀ! ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದೆವು. ಆದರೆ ಅದು ಯಾವಾಗಲೂ ಕಂಪ್ಯೂಟರಿಗೆ ಚುಚ್ಚಿಯೇ ಇರುತ್ತಿತ್ತು. ಅದೂ ಲಾಕ್ ಆಯಿತು. ನೋ ಮೋರ್ ರ‍್ಯಾನ್ಸಮ್ ಅಂತ ಯುರೋಪಿನ ಪೊಲೀಸರು 2016ರಿಂದ ನಡೆಸುವ ಸೈಟ್ ಇದೆ, ಅಲ್ಲಿ ಕೆಲವು ಜಾತಿಗಳಿಗೆ ಬೀಗ ತೆಗೆಯುವ ಕೈ ಪುಕ್ಕಟೆ ಸಿಗುತ್ತದೆ. ನಮಗೆ ಬಂದ ಜಾತಿಗೆ ಸಿಗಲಿಲ್ಲ. ದುಡ್ಡು ಕೊಡಲಿಲ್ಲ. ನಾನೂ ಯಜಮಾನರೂ ಎರಡು ತಿಂಗಳು ಬಿಲ್ ಪುಸ್ತಕ ನೋಡಿ ಎಲ್ಲ ಮತ್ತೆ ಟೈಪ್ ಮಾಡಿದೆವು.

ಈಗ ನಮ್ಮಲ್ಲಿ ಪ್ರತಿ ಅಮಾವಾಸ್ಯೆಗೆ ಬ್ಯಾಕಪ್. ಅಂಗಡಿ ಪೂಜೆ ಆದ ಮೇಲೆ ಹಾರ್ಡ್‌ಡಿಸ್ಕ್ ತೆಗೆದು, ಕಾಪಿ ಮಾಡಿ, ವೈರ್ ಕಿತ್ತು ಮನೆಯ ಟ್ರೆಜರಿ ಕಪಾಟಿಗೆ ಹಾಕುತ್ತೇನೆ. ನಗುವವರು ನಗಲಿ.

ಕುಂದಾ ಪ್ರೇಮಿ
ಅಕ್ಕಾ, ನಗುವುದೇನಿದೆ? ದೊಡ್ಡ ಕಂಪನಿಗಳೂ ಇಷ್ಟು ನೇಮದಿಂದ ಮಾಡುವುದಿಲ್ಲ.

ಫೋಟೋ ವಿಷಯ: ಜೆಪೆಗ್, ಪಿಡಿಎಫ್, ಎಕ್ಸೆಲ್ ಇಂಥವನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿ. ಯಾವ ಸೆಟಪ್ ಫೈಲೂ ಬೇಡ. ಡೌನ್‌ಲೋಡ್ಸ್ ಫೋಲ್ಡರ್ ಇಡೀ ಎತ್ತಿಕೊಂಡು ಬರಬೇಡಿ, ಅಲ್ಲೇ ಆ ಹಸಿರು ಬಟನ್ನಿನ ಮರಿ ಕೂತಿರುತ್ತದೆ. ಮತ್ತೆ ಎಲ್ಲರೂ ಇವತ್ತೇ ಮಾಡಬಹುದಾದದ್ದು ಒಂದು: ಫೈಲ್ ಎಕ್ಸ್‌ಪ್ಲೋರರ್ ತೆರೆದು, ವ್ಯೂ ಒಳಗೆ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿ. ಅಕ್ಕ ಹೇಳಿದ ಬಾಲ ಕಾಣುತ್ತದೆ.

ನವನಗರದವ
ನಮ್ಮ ಅಕ್ಕನ ಮಗಳು ಇಂಜಿನಿಯರಿಂಗ್ ಓದುತ್ತಾಳೆ, ನೋಟ್ಸ್ ಪಿಡಿಎಫ್ ಹುಡುಕಲು ಹೋಗಿದ್ದಳು. 'ನಾನು ರೋಬೋ ಅಲ್ಲ' ಅನ್ನುವ ಡಬ್ಬಿ ಬಂತು. ಒತ್ತಿದ ಮೇಲೆ ಹೇಳುತ್ತದೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ಪುಣ್ಯಕ್ಕೆ ನಾನು ಪಕ್ಕದಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ಎಂಟರ್ ಒತ್ತುವ ಮೊದಲು 'ಏ ನಿಲ್ಲು' ಅಂದೆ.

ಆ ಡಬ್ಬಿ ಒತ್ತಿದ ಕೂಡಲೇ ಪೇಜು ಗುಟ್ಟಾಗಿ ಒಂದು ಕಮಾಂಡನ್ನು ಕಾಪಿ ಮಾಡಿಟ್ಟಿರುತ್ತದೆ. ಪೇಸ್ಟ್ ಮಾಡಿ ಓಡಿಸುವವರು ನಾವೇ. ನಾವೇ ಓಡಿಸಿದ್ದಕ್ಕೆ ಆಂಟಿವೈರಸ್ ಎಷ್ಟೋ ಸಲ ಸುಮ್ನೆ ಇರುತ್ತದೆ. ನಿಜವಾದ ಕ್ಯಾಪ್ಚಾ ಟ್ರಾಫಿಕ್ ಲೈಟು, ಸೈಕಲ್ಲು ತೋರಿಸು ಅನ್ನುತ್ತದೆ. ವಿಂಡೋಸ್ ಕೀ ಒತ್ತಿ ಪೇಸ್ಟ್ ಮಾಡು ಅಂತ ಹೇಳುವುದಿಲ್ಲ.

ಹಳೇ ಮಾಸ್ತರ
ಇದು ಹೊಸದು. ನನಗೂ ಒಮ್ಮೆ ಬಂದಿತ್ತು, ಕಣ್ಣು ಸರಿ ಕಾಣದೆ ಬಿಟ್ಟೆ. ಮುಪ್ಪಿಗೂ ಒಂದು ಲಾಭ ಇದೆ.

ಜೆರಾಕ್ಸ್ ಮಾಮಾ
ಎಲ್ಲ ಸರಿ, ಆದರೆ ಆಂಟಿವೈರಸ್ ಯಾವುದು ಅಂತ ಯಾರೂ ಹೇಳಲಿಲ್ಲ. ನಾನು ಎರಡು ಹಾಕಿದ್ದೇನೆ, ಡಬಲ್ ಸೇಫ್ಟಿ.

ಕುಂದಾ ಪ್ರೇಮಿ
ಮಾಮಾ, ಒಂದೇ ಬಾಗಿಲಿಗೆ ಎರಡು ನಾಯಿ ಕಟ್ಟಿದರೆ ಕಳ್ಳನನ್ನು ಬಿಟ್ಟು ಒಂದನ್ನೊಂದು ಕಚ್ಚುತ್ತವೆ. ಕಂಪ್ಯೂಟರ್ ನಿಧಾನ ಆಗುವುದು ಅಷ್ಟೇ ಲಾಭ. ಒಂದು ತೆಗೆಯಿರಿ.

ಮನೆ ಬಳಕೆಗೆ ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕು ಅಂತ ನನ್ನ ಅಭಿಪ್ರಾಯ. ಅದು ಮೊದಲು ಬರೀ ಸ್ಪೈವೇರ್ ಹಿಡಿಯುವ ಸಣ್ಣ ಸಾಧನ ಆಗಿತ್ತು, 2012ರ ವಿಂಡೋಸ್ 8ರಿಂದ ಪೂರ್ತಿ ಆಂಟಿವೈರಸ್ ಆಯಿತು. ದುಡ್ಡು ಕೊಟ್ಟು ಕೊಳ್ಳುವವರು ಕೊಳ್ಳಲಿ, ತಪ್ಪೇನಿಲ್ಲ. ಇನ್ನು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇದೆ, ಅಲ್ಲೂ ಪುಕ್ಕಟೆ ಕ್ಲೀನ್ ಮಾಡುವ ಸಾಧನ ಕೊಡುತ್ತಾರೆ.

ಜೆರಾಕ್ಸ್ ಮಾಮಾ
ಪುಕ್ಕಟೆ ಅಂದರೆ ನನಗೆ ನಂಬಿಕೆ ಇಲ್ಲಪ್ಪಾ. ನಮ್ಮ ಗಿರಾಕಿಗಳ ಪೆನ್‌ಡ್ರೈವಿನಲ್ಲಿ ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿರುತ್ತವಲ್ಲ, ಅದನ್ನು ಹಿಡಿದದ್ದು ನಾನು ದುಡ್ಡು ಕೊಟ್ಟದ್ದೇ.

ನವನಗರದವ
ಶಾರ್ಟ್‌ಕಟ್ ವೈರಸ್ಸನ್ನು ಡಿಫೆಂಡರ್ ಕೂಡ ಹಿಡಿಯುತ್ತದೆ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ತಾನೇ ಓಡುವುದನ್ನು ಮೈಕ್ರೋಸಾಫ್ಟ್ 2011ರಲ್ಲೇ ಅಪ್‌ಡೇಟ್ ಕೊಟ್ಟು ನಿಲ್ಲಿಸಿತು. ಈಗ ಆ ಶಾರ್ಟ್‌ಕಟ್ ಮೇಲೆ ನಾವು ಕ್ಲಿಕ್ ಮಾಡಿದರೆ ಮಾತ್ರ ಓಡುತ್ತದೆ. ಫೋಲ್ಡರ್ ಎಲ್ಲೂ ಹೋಗಿರುವುದಿಲ್ಲ ಮಾಮಾ, ಬರೀ ಅಡಗಿಸಿರುತ್ತದೆ. ಹಿಡನ್ ಫೈಲ್ ತೋರಿಸು ಅಂದರೆ ಸಿಗುತ್ತವೆ. ನೀವು ಅದಕ್ಕೂ ದುಡ್ಡು ತಗೊಳ್ಳುತ್ತೀರಾ?

ಜೆರಾಕ್ಸ್ ಮಾಮಾ
ಇಪ್ಪತ್ತು ರೂಪಾಯಿ. ಕರೆಂಟ್ ಬಿಲ್ ಯಾರು ಕಟ್ಟಬೇಕು?

ಹಳೇ ಮಾಸ್ತರ
ಅಪ್‌ಡೇಟ್ ಮಾತು ಬಂತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅಂತ ಜಗತ್ತಿಗೇ ಹಬ್ಬಿತಲ್ಲ, ಇಂಗ್ಲೆಂಡಿನ ಆಸ್ಪತ್ರೆಗಳೂ ನಿಂತವು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಹಾಕಿ ಕೊಟ್ಟಿತ್ತು. ಎರಡು ತಿಂಗಳು ಜನ 'ಆಮೇಲೆ ನೆನಪಿಸು' ಒತ್ತುತ್ತ ಕೂತರು. ನಾನೂ ಒತ್ತಿದ್ದೆ, ನನ್ನ ಅದೃಷ್ಟ ಚೆನ್ನಾಗಿತ್ತು.

ಗುಮ್ಮಟದ ನೆರಳು ಅವರು ವಿಂಡೋಸ್ 10 ಅಂದಿದ್ದಾರೆ. ಅದಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅದನ್ನೂ ನೋಡಿಕೊಳ್ಳಿ.

ರೊಟ್ಟಿ ಚಟ್ನಿ
ಮೊನ್ನೆ ವಾಟ್ಸಾಪಿನಲ್ಲಿ ಮದುವೆ ಆಮಂತ್ರಣ ಅಂತ ಎಪಿಕೆ ಫೈಲ್ ಬಂತು. ಯಾರ ಮದುವೆ ಅಂತ ಗೊತ್ತಾಗಲಿಲ್ಲ. ತೆರೆಯಲಿಲ್ಲ, ಆದರೆ ಊಟ ತಪ್ಪಿತಾ ಅಂತ ಸಂಕಟ.

ಕರದಂಟು ಅಕ್ಕ
ತಮ್ಮಾ, ಒಳ್ಳೇದೇ ಮಾಡಿದೆ. ಅದು ಎಸ್ಎಮ್ಎಸ್ ಓದುವ ಆ್ಯಪ್, ಓಟಿಪಿ ಎಲ್ಲ ಕಳ್ಳನಿಗೆ ಹೋಗುತ್ತದೆ. ಆಮಂತ್ರಣ ಅಂದರೆ ಫೋಟೋನೋ ಪಿಡಿಎಫೋ ಇರುತ್ತದೆ. ನಮ್ಮ ಓಣಿಯಲ್ಲಿ ಒಬ್ಬರಿಗೆ ಹಾಗೇ ದುಡ್ಡು ಹೋಗಿ, ಆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರು. ಅರ್ಧದಷ್ಟು ತಡೆಹಿಡಿದರು. ಮಾರನೇ ದಿನ ಮಾಡಿದ್ದರೆ ಅದೂ ಸಿಗುತ್ತಿರಲಿಲ್ಲ.

ಗುಮ್ಮಟದ ನೆರಳು
ವರದಿ ಒಪ್ಪಿಸುತ್ತೇನೆ. ಫೋನಿನಿಂದ ಪಾಸ್‌ವರ್ಡ್ ಎಲ್ಲ ಬದಲಾಯಿಸಿದೆ, ಎಲ್ಲ ಕಡೆ ಲಾಗ್ ಔಟ್ ಒತ್ತಿದೆ. ಇನ್‌ಸ್ಟಾಗ್ರಾಂ ವಾಪಸ್ ಬಂತು. ಬ್ಯಾಂಕಿನಲ್ಲಿ ಏನೂ ಹೋಗಿಲ್ಲ. ಆ ಕೆಂಪು ಡಬ್ಬಿ ಬ್ರೌಸರಿನ ನೋಟಿಫಿಕೇಶನ್ ಅಷ್ಟೇ ಅಂತ ಗೊತ್ತಾಯಿತು. ಯಾವುದೋ ಸೈಟಿಗೆ ನಾನೇ 'ಅಲೋ' ಒತ್ತಿದ್ದೆ. ಸೈಟ್ ಸೆಟ್ಟಿಂಗ್ಸ್‌ನಲ್ಲಿ ತೆಗೆದ ಮೇಲೆ ನಿಂತಿತು. ಡಿಫೆಂಡರ್ ಸ್ಕ್ಯಾನ್ ಮಾಡಿದೆ: ಏನೂ ಇಲ್ಲ ಅನ್ನುತ್ತದೆ. ಫ್ಯಾನ್ ಮಾತ್ರ ಇನ್ನೂ ಗಿರಣಿ.

ಕುಂದಾ ಪ್ರೇಮಿ
ಏನೂ ಇಲ್ಲ ಅನ್ನುವುದೇ ಅನುಮಾನ. ಒಂದು ನೋಡಿ: ವಿಂಡೋಸ್ ಸೆಕ್ಯುರಿಟಿ, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್. ಕೆಳಗೆ ಎಕ್ಸ್‌ಕ್ಲೂಷನ್ಸ್ ಅಂತ ಇರುತ್ತದೆ. ಅದರಲ್ಲಿ ಏನು ಬರೆದಿದೆ?

ಗುಮ್ಮಟದ ನೆರಳು
ಒಂದೇ ಸಾಲು. ಸಿ ಡ್ರೈವ್. ಇಡೀ ಸಿ ಡ್ರೈವ್. ಹಾಗಂದರೆ ಏನು?

ಕುಂದಾ ಪ್ರೇಮಿ
ಹಾಗಂದರೆ ವಾಚ್‌ಮನ್‌ಗೆ ಯಾರೋ 'ಈ ಮನೆ ಒಂದು ಬಿಟ್ಟು ಊರೆಲ್ಲ ಕಾಯಿ' ಅಂತ ಹೇಳಿಟ್ಟಿದ್ದಾರೆ. ಡಿಫೆಂಡರ್ ನಿಮ್ಮ ಸಿ ಡ್ರೈವನ್ನು ನೋಡುತ್ತಲೇ ಇಲ್ಲ. ಹಸಿರು ಬಟನ್ನೇ ಹಾಕಿರಬಹುದು. ಇಲ್ಲಾ ಕಳ್ಳ ವಿಂಡೋಸನ್ನು ಅಸಲಿ ಅಂತ ತೋರಿಸಲು ಹಾಕುವ ಆ್ಯಕ್ಟಿವೇಟರ್. ನಿಮ್ಮ ವಿಂಡೋಸ್ ಯಾರು ಹಾಕಿದ್ದು?

ಗುಮ್ಮಟದ ನೆರಳು
ಎರಡು ವರ್ಷದ ಹಿಂದೆ ಹಾರ್ಡ್‌ಡಿಸ್ಕ್ ತೆಗೆಸಿ ಎಸ್ಎಸ್‌ಡಿ ಹಾಕಿಸಿದೆ. ಅಂಗಡಿ ಹೆಸರು ಬೇಡ. ಆಗ ವಿಂಡೋಸ್ ಅವರೇ ಹಾಕಿಕೊಟ್ಟರು. 'ಸರ್, ಪ್ರೊ ಹಾಕಿದ್ದೇನೆ, ನಿಮಗೆ ಅಂತ' ಅಂದರು. ನಾನೂ ಖುಷಿಪಟ್ಟೆ. 'ಆಂಟಿವೈರಸ್ ಏನಾದರೂ ಕೇಳಿದರೆ ಅಲೋ ಒತ್ತಿ' ಅಂತ ಕೂಡ ಹೇಳಿದ್ದು ಈಗ ನೆನಪಾಗುತ್ತಿದೆ.

ರೊಟ್ಟಿ ಚಟ್ನಿ
ಪ್ರೊ ಅಂದರೆ ಪ್ರೊಫೆಷನಲ್ ಕಳ್ಳ.

ಜೆರಾಕ್ಸ್ ಮಾಮಾ
ಅಂಗಡಿಯವನನ್ನೇ ಬೈಬೇಡಿ. ಗಿರಾಕಿ ಬಂದು 'ಮುನ್ನೂರರಲ್ಲಿ ಎಲ್ಲ ಹಾಕಿಕೊಡಿ' ಅನ್ನುತ್ತಾನೆ. ಅಸಲಿ ವಿಂಡೋಸ್ ರೇಟ್ ಹೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ನಾನೂ ಒಂದು ಕಾಲದಲ್ಲಿ ಹಾಕಿಕೊಟ್ಟಿದ್ದೇನೆ, ಸುಳ್ಳು ಹೇಳುವುದಿಲ್ಲ. ಒಬ್ಬ ಗಿರಾಕಿಯ ಟ್ಯಾಲಿ ಡೇಟಾ ಹೋಗಿ ಅಂಗಡಿ ಮುಂದೆ ಗಲಾಟೆ ಆದ ಮೇಲೆ ಬಿಟ್ಟೆ.

ಕುಂದಾ ಪ್ರೇಮಿ
ಮಾಮಾ ನಿಜ ಹೇಳಿದರು, ಅದು ದೊಡ್ಡದು.

ಈ ಕಥೆಯಲ್ಲಿ ತಮಾಷೆ ಏನು ಗೊತ್ತಾ? ನಿಮ್ಮ ಲ್ಯಾಪ್‌ಟಾಪ್ ಕೊಂಡಾಗ ಅಸಲಿ ವಿಂಡೋಸ್ ಜೊತೆ ಬಂದಿತ್ತಾ? ಬಂದಿದ್ದರೆ ಅದರ ಲೈಸೆನ್ಸ್ ಕೀ ಹಾರ್ಡ್‌ಡಿಸ್ಕ್‌ನಲ್ಲಿ ಇರುವುದಿಲ್ಲ, ಮದರ್‌ಬೋರ್ಡಿನ ಚಿಪ್ಪಿನಲ್ಲಿ ಕೂತಿರುತ್ತದೆ. ವಿಂಡೋಸ್ 8 ಕಾಲದಿಂದ ಕಂಪನಿ ಲ್ಯಾಪ್‌ಟಾಪ್‌ಗಳು ಹೀಗೇ. ಡಿಸ್ಕ್ ಬದಲಾಯಿಸಿದರೂ ಅದೇ ಹೋಮ್ ಎಡಿಷನ್ ಹಾಕಿ ನೆಟ್ ಕೊಟ್ಟರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಅಂದರೆ ನಿಮ್ಮ ಹತ್ತಿರ ಅಸಲಿ ಇತ್ತು. ಅದರ ಮೇಲೆ ನಕಲಿ ಹಾಕಿಸಿಕೊಂಡು ಬಂದಿರಿ.

ಇನ್ನು ಸ್ಕ್ಯಾನ್ ಮಾತು ಬೇಡ, ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ಬೇರೆಯವರ ಒಳ್ಳೇ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಸೈಟಿನಿಂದ ಮೀಡಿಯಾ ಕ್ರಿಯೇಷನ್ ಟೂಲ್ ತಗೊಳ್ಳಿ, 8 ಜಿಬಿ ಪೆನ್‌ಡ್ರೈವ್ ಸಾಕು. ಪ್ರೊಸೆಸರ್ ಇಂಟೆಲ್ 8ನೇ ಪೀಳಿಗೆಯದ್ದೋ ಅದಕ್ಕಿಂತ ಹೊಸದೋ ಇದ್ದರೆ ನೇರ ವಿಂಡೋಸ್ 11 ಹಾಕಬಹುದು, ಟಿಪಿಎಮ್ 2.0 ಅನ್ನುವ ಭದ್ರತಾ ಚಿಪ್ ಆನ್ ಇರಬೇಕು. ಹಾಕುವಾಗ ಹಳೇ ಪಾರ್ಟಿಷನ್ ಎಲ್ಲ ಅಳಿಸಿ. ಆಮೇಲೆ ದಿನದ ಬಳಕೆಗೆ ಅಡ್ಮಿನ್ ಅಲ್ಲದ ಸಾದಾ ಖಾತೆ ಒಂದು ಮಾಡಿ. ಏನಾದರೂ ಇನ್‌ಸ್ಟಾಲ್ ಆಗಬೇಕಾದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಕೈ ಒಂದು ಕ್ಷಣ ನಿಲ್ಲುತ್ತದೆ.

ಲಿನಕ್ಸ್ ಭಕ್ತ
ಹೇಗೂ ಅಳಿಸುತ್ತೀರಲ್ಲ, ಉಬುಂಟು...

ನವನಗರದವ
ನುಡಿ ಓಡುತ್ತಾ ಅದರಲ್ಲಿ?

ಲಿನಕ್ಸ್ ಭಕ್ತ
ನುಡಿ ಯಾಕೆ ಬೇಕು? ಎಲ್ಲ ಕಂಪ್ಯೂಟರಿನಲ್ಲೂ ಕಾಣುವ ಯುನಿಕೋಡ್ ಅಕ್ಷರ ಇದೆ, ನುಡಿಯ ಅದೇ ಕಗಪ ಕೀಲಿಮಣೆ ಉಬುಂಟುವಿನ ಟೈಪಿಂಗ್ ಸಾಧನ ಐಬಸ್‌ನಲ್ಲಿ ಸಿಗುತ್ತದೆ.

ಕರದಂಟು ಅಕ್ಕ
ಪ್ರಶ್ನೆಪತ್ರಿಕೆ ಇರುವುದು ಹಳೇ ಫಾಂಟಿನಲ್ಲಿ ಅಲ್ವಾ ಮಾರಾಯಾ. ಶುರುವಿನ ಪೋಸ್ಟ್ ಓದದೇ ಬರುತ್ತೀಯಾ ನೀನು.

ಹಳೇ ಮಾಸ್ತರ
ನುಡಿ ಬೇಕಾದರೆ ಅದನ್ನು ಮಾಡಿದ ಕನ್ನಡ ಗಣಕ ಪರಿಷತ್ತಿನ ತಾಣಕ್ಕೇ ಹೋಗಬೇಕು. ಪುಕ್ಕಟೆ ಸಿಗುತ್ತದೆ. ಹುಡುಕಿದಾಗ ಮೇಲೆ ಬರುವ ಮೊದಲನೆಯದರ ಹತ್ತಿರ 'ಸ್ಪಾನ್ಸರ್ಡ್' ಅಂತ ಸಣ್ಣಗೆ ಬರೆದಿದ್ದರೆ ಅದು ದುಡ್ಡು ಕೊಟ್ಟು ಮುಂದೆ ಕೂತವರು. ವಿಎಲ್‌ಸಿ, ಕ್ರೋಮ್ ಎಲ್ಲಕ್ಕೂ ಇಂಥ ನಕಲಿ ಅಂಗಡಿಗಳಿವೆ. ಹೊಸದಾಗಿ ಟೈಪ್ ಮಾಡುವುದಕ್ಕೆ ಮಾತ್ರ ಏನೂ ಇಳಿಸಿಕೊಳ್ಳಬೇಕಿಲ್ಲ, ವಿಂಡೋಸ್ ಭಾಷೆ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿದರೆ ಸಾಕು. 2019ರಿಂದ ಫೋನೆಟಿಕ್ ಕೀಬೋರ್ಡೂ ಇದೆ.

ನವನಗರದವ
ಅನುಮಾನ ಬಂದ ಫೈಲನ್ನು ವೈರಸ್‌ಟೋಟಲ್ ಸೈಟಿಗೆ ಹಾಕಿ ನೋಡಿ. ಹತ್ತಾರು ಆಂಟಿವೈರಸ್ ಒಟ್ಟಿಗೆ ನೋಡಿ ಹೇಳುತ್ತವೆ. ಆದರೆ ಸ್ವಂತ ಕಾಗದಪತ್ರ ಹಾಕಬೇಡಿ, ಅಲ್ಲಿ ಹಾಕಿದ್ದು ಬೇರೆಯವರ ಕೈಗೂ ಸಿಗುತ್ತದೆ. ನಮ್ಮ ಆಫೀಸಿನಲ್ಲಿ ಒಬ್ಬರು ಪಗಾರ ಪಟ್ಟಿ ಹಾಕಿದ್ದರು.

ರೊಟ್ಟಿ ಚಟ್ನಿ
ಪಗಾರದಲ್ಲಿ ವೈರಸ್ ಇತ್ತಾ?

ನವನಗರದವ
ಪಗಾರವೇ ಇರಲಿಲ್ಲ.

ಗುಮ್ಮಟದ ನೆರಳು
ಮುಗೀತು. ಭಾನುವಾರ ಇಡೀ ಹೋಯಿತು. ಪಕ್ಕದ ಮನೆಯ ಹುಡುಗನ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್ ಮಾಡಿದೆ. ನಡುವೆ ಕರೆಂಟ್ ಹೋಯಿತು, ಬ್ಯಾಟರಿ ಇದ್ದದ್ದಕ್ಕೆ ಬಚಾವ್. ವಿಂಡೋಸ್ 11 ಹೋಮ್ ಹಾಕಿದೆ. ನೆಟ್ ಕೊಟ್ಟ ಎರಡು ನಿಮಿಷಕ್ಕೆ 'ಆ್ಯಕ್ಟಿವೇಟೆಡ್' ಅಂತ ಬಂತು. ಕೀ ಕೇಳಲೇ ಇಲ್ಲ. ಅದನ್ನು ನೋಡಿ ನನಗೆ ಸಿಟ್ಟು ಬಂತು, ಎರಡು ವರ್ಷ ಅಸಲಿಯನ್ನು ಒಳಗಿಟ್ಟುಕೊಂಡು ನಕಲಿ ಓಡಿಸಿದ್ದೇನೆ.

ಫ್ಯಾನ್ ಸುಮ್ಮನಾಗಿದೆ. ಎಕ್ಸ್‌ಕ್ಲೂಷನ್ಸ್ ಖಾಲಿ ಇದೆ, ದಿನಾ ಒಮ್ಮೆ ತೆರೆದು ನೋಡುತ್ತಿದ್ದೇನೆ. ಮಗಳ ಫೋಟೋ ಎಲ್ಲ ಹುಷಾರು, ಹಾರ್ಡ್‌ಡಿಸ್ಕ್ ಅಕ್ಕ ಹೇಳಿದ ಹಾಗೆ ಟ್ರೆಜರಿಯಲ್ಲಿದೆ. ಅಡ್ಮಿನ್ ಪಾಸ್‌ವರ್ಡ್ ಮನೆಯವಳು ಇಟ್ಟುಕೊಂಡಿದ್ದಾಳೆ, ನನಗೆ ಹೇಳಿಲ್ಲ.

ಜೆರಾಕ್ಸ್ ಮಾಮಾ
ಇದು ಎಲ್ಲ ಆಂಟಿವೈರಸ್ಸಿಗಿಂತ ಗಟ್ಟಿ.

ಕರದಂಟು ಅಕ್ಕ
ಪ್ರಶ್ನೆಪತ್ರಿಕೆ ತೆರೆಯಿತಾ ಕೊನೆಗೆ?

ಗುಮ್ಮಟದ ನೆರಳು
ತೆರೆಯಿತು ಅಕ್ಕಾ, ಪರಿಷತ್ತಿನ ತಾಣದಿಂದಲೇ ನುಡಿ ತಗೊಂಡೆ. ಅಕ್ಷರ ಎಲ್ಲ ಸರಿ ಬಂದವು. ಮನೆಯವಳು ಮೇಲಿಂದ ಕೆಳಗೆ ನೋಡಿ, 'ಇದು ಹಳೇ ಸಿಲಬಸ್, ಬೇಡ' ಅಂದಳು.